ಇಂಗ್ಲೆಂಡಿನ ಕಾಲೇಜಿನಲ್ಲಿ ನಾನು ಕೋರ್ಸ್ ಆರಿಸಿಕೊಂಡ ಬಗೆ

ಹಾಸನದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ, 2022ರ ಜೂನ್ ತಿಂಗಳಲ್ಲಿ ನಾನು ಅಪ್ಪ ಮತ್ತು ತಂಗಿಯ ಜೊತೆ ಇಂಗ್ಲೆಂಡಿನ ಕೊವೆಂಟ್ರಿಗೆ ಬಂದೆ. ಅಮ್ಮ ಅಲ್ಲಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಸೇರಿ ಆಗಲೇ ಕೆಲವು ತಿಂಗಳಾಗಿತ್ತು. ಊರಿನಲ್ಲೇ ಇದ್ದಿದ್ದರೆ ನನ್ನ ಮುಂದಿದ್ದ ದಾರಿಗಳೆಂದರೆ ಪಿಯುಸಿ, ಪಾಲಿಟೆಕ್ನಿಕ್‌ನ ಮೂರು ವರ್ಷದ ಡಿಪ್ಲೊಮಾ ಅಥವಾ ಐಟಿಐ. ಇವುಗಳಲ್ಲಿ ಯಾವುದು ಎಲ್ಲಿಗೆ ಕರೆದೊಯ್ಯುತ್ತದೆಂದು ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಇಂಗ್ಲೆಂಡಿನಲ್ಲಿ ಹಾಗೆ ಕೇಳಿ ತಿಳಿಯಬಹುದಾದ ಬೀದಿ ನಮಗಿರಲಿಲ್ಲ. ಅಲ್ಲಿ 18 ವರ್ಷ ತುಂಬುವವರೆಗೆ ಓದಿನಲ್ಲೋ ತರಬೇತಿಯಲ್ಲೋ ಇರಲೇಬೇಕೆಂಬ ಕಾನೂನಿದೆ. ಆದ್ದರಿಂದ ಸೆಪ್ಟೆಂಬರ್‌ನೊಳಗೆ ಏನನ್ನಾದರೂ ಆರಿಸಲೇಬೇಕಿತ್ತು.

ಹದಿನಾರರ ನಂತರ ಶಾಲೆಯಲ್ಲೇ ಮುಂದುವರಿಯುವವರು ಅಲ್ಲಿ ಅನೇಕರಿದ್ದಾರೆ; ಉಳಿದವರಲ್ಲಿ ಹೆಚ್ಚಿನವರು ಸೇರುವುದು ಫರ್ದರ್ ಎಜುಕೇಶನ್ ಕಾಲೇಜುಗಳಿಗೆ. 1993ರಿಂದ ಸ್ಥಳೀಯ ಆಡಳಿತದ ಹಿಡಿತದಿಂದ ಬೇರೆಯಾಗಿ ಸ್ವತಂತ್ರವಾಗಿ ನಡೆಯುತ್ತಿರುವ ಈ ಕಾಲೇಜುಗಳ ವಿಶೇಷವೆಂದರೆ, ಇಟ್ಟಿಗೆ ಕೆಲಸದಿಂದ ಹಿಡಿದು ಭೌತಶಾಸ್ತ್ರದವರೆಗೆ ಎಲ್ಲವನ್ನೂ ಒಂದೇ ಆವರಣದಲ್ಲಿ ಕಲಿಸಬಲ್ಲವು. ತಂದೆತಾಯಿಯ ವೀಸಾ ಜೊತೆಗೆ ಬಂದ, ಹದಿನೆಂಟು ದಾಟದ ಮಕ್ಕಳಿಗೂ ಇಲ್ಲಿ ಬೋಧನಾ ಶುಲ್ಕವಿಲ್ಲ. ಶುಲ್ಕವಿಲ್ಲವೆಂದ ಮೇಲೆ ಯಾವುದನ್ನಾದರೂ ಆರಿಸಬಹುದಲ್ಲ ಎಂದು ನಮಗೂ ಅನ್ನಿಸಿತ್ತು. ಆದರೆ ಕಾಲೇಜಿನ ಎರಡು ವರ್ಷ ಮುಗಿದ ಮರುದಿನವೇ ಶುಲ್ಕದ ಪ್ರಶ್ನೆ ಎದುರಾಗುತ್ತದೆ ಎಂಬುದು ಅಮ್ಮನ ಸಹೋದ್ಯೋಗಿಯೊಬ್ಬರಿಂದ ತಿಳಿಯಿತು. ಉದ್ಯೋಗ ವೀಸಾದಲ್ಲಿರುವವರ ಮಕ್ಕಳನ್ನು ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ವಿದೇಶಿ ವಿದ್ಯಾರ್ಥಿಗಳೆಂದೇ ಲೆಕ್ಕ ಹಾಕುತ್ತವೆ. ಶಾಶ್ವತ ವಾಸದ ಹಕ್ಕು ಸಿಗುವವರೆಗೆ ಸ್ಥಳೀಯರ ಶುಲ್ಕವೂ ಇಲ್ಲ, ಸರ್ಕಾರದ ಶಿಕ್ಷಣ ಸಾಲವೂ ಇಲ್ಲ. ಆ ಹಕ್ಕಿಗೆ ಆಗಿನ ನಿಯಮದಂತೆ ಐದು ವರ್ಷ ಕಾಯಬೇಕಿತ್ತು. ನನ್ನ ಕೋರ್ಸ್ ಮುಗಿಯುವುದು 2024ರಲ್ಲಿ, ನಮಗೆ ಐದು ವರ್ಷ ತುಂಬುವುದು 2027ರಲ್ಲಿ.

ಈ ಎರಡು ಇಸವಿಗಳ ನಡುವಿನ ಅಂತರವೇ ನನ್ನ ಆಯ್ಕೆಯ ಕ್ರಮವನ್ನು ನಿರ್ಧರಿಸಿತು. ಕಾಲೇಜಿನ ಪುಸ್ತಿಕೆಯಲ್ಲಿದ್ದ ಕೋರ್ಸ್‌ಗಳ ಹೆಸರುಗಳನ್ನು ಒಂದೊಂದಾಗಿ ಓದಿ ಮನಸ್ಸಿಗೆ ಹಿಡಿಸಿದ್ದನ್ನು ಗುರುತು ಹಾಕುವ ಬದಲು, ಎರಡು ವರ್ಷದ ಕೊನೆಯಲ್ಲಿ ನಾನು ಎಲ್ಲಿ ನಿಂತಿರುತ್ತೇನೆ, ಅಲ್ಲಿಂದ ಯಾವ ಬಾಗಿಲುಗಳು ನಿಜವಾಗಿ ತೆರೆದಿರುತ್ತವೆ ಎಂಬುದನ್ನು ಮೊದಲು ಬರೆದುಕೊಂಡೆ. ಆಮೇಲೆ ಅಲ್ಲಿಂದ ಹಿಂದಕ್ಕೆ ಬಂದು ಆ ಬಾಗಿಲಿಗೆ ಒಯ್ಯುವ ಕೋರ್ಸ್ ಯಾವುದೆಂದು ಹುಡುಕಿದೆ. ಹಾಸನದಿಂದ ಮಾವ ಫೋನ್ ಮಾಡಿದಾಗಲೆಲ್ಲ, "ಪುಟ್ಟಿ, ಸೈನ್ಸ್ ತಗೋ, ಮುಂದಿನದು ಆಮೇಲೆ ನೋಡಿಕೊಂಡರಾಯಿತು" ಎನ್ನುತ್ತಿದ್ದರು. ಊರಿನ ಮಟ್ಟಿಗೆ ಅದು ತೂಕದ ಮಾತೇ. ಪಿಯುಸಿಯಲ್ಲಿ ಎರಡು ಭಾಷೆಗಳ ಜೊತೆಗೆ ನಾಲ್ಕು ಐಚ್ಛಿಕ ವಿಷಯಗಳಿರುವುದರಿಂದ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ತೆಗೆದುಕೊಂಡು ವೈದ್ಯಕೀಯ, ಎಂಜಿನಿಯರಿಂಗ್ ಎರಡರ ದಾರಿಯನ್ನೂ ತೆರೆದಿಟ್ಟುಕೊಳ್ಳಬಹುದು. ನಮ್ಮ ಪಿಯುಸಿಯ ಸ್ಥಾನದಲ್ಲಿರುವ ಇಂಗ್ಲೆಂಡಿನ ಎ ಲೆವೆಲ್‌ನಲ್ಲಿ ಸಾಮಾನ್ಯವಾಗಿ ಓದುವುದು ಮೂರೇ ವಿಷಯ. ಆದ್ದರಿಂದ ಮುಂದಿನದನ್ನು ಆಮೇಲೆ ನೋಡಿಕೊಳ್ಳುವ ಅವಕಾಶ ಅಲ್ಲಿ ಬಹಳ ಕಡಿಮೆ.

ನನ್ನ ಮುಂದೆ ನಿಜವಾಗಿ ಉಳಿದದ್ದು ಮೂರು ಬಗೆಯ ಕೋರ್ಸ್‌ಗಳು. ಮೊದಲನೆಯದು ಗಣಿತ, ಭೌತಶಾಸ್ತ್ರ ಮತ್ತು ಇನ್ನೊಂದು ವಿಷಯದ ಎ ಲೆವೆಲ್. ಎರಡು ವರ್ಷದ ಓದಿನ ಬಹುತೇಕ ಭಾರವೆಲ್ಲ ಕೊನೆಯ ಬೇಸಿಗೆಯ ಪರೀಕ್ಷೆಗಳ ಮೇಲೆ ಬೀಳುತ್ತದೆ. ಎರಡನೆಯದು ಎಂಜಿನಿಯರಿಂಗ್‌ನ ಬಿಟೆಕ್ ಎಂಬ ವೃತ್ತಿಪರ ಕೋರ್ಸ್, ನಮ್ಮ ಬಿ.ಟೆಕ್ ಪದವಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಓದನ್ನು ಘಟಕಗಳಾಗಿ ಒಡೆದು, ಕೆಲವಕ್ಕೆ ಪರೀಕ್ಷೆಯನ್ನೂ ಹೆಚ್ಚಿನವಕ್ಕೆ ಅಸೈನ್‌ಮೆಂಟ್‌ಗಳನ್ನೂ ಇಟ್ಟಿರುತ್ತಾರೆ. ಮೂರನೆಯದು ಟಿ ಲೆವೆಲ್. ಇದು 2020ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಮಾತ್ರ ಆರಂಭವಾದದ್ದು. ಎಂಜಿನಿಯರಿಂಗ್ ಶಾಖೆಗಳು ಸೇರಿದ್ದು ನಾನು ಕಾಲೇಜಿಗೆ ಸೇರಿದ 2022ರಲ್ಲೇ. ಮೂರು ಎ ಲೆವೆಲ್‌ಗೆ ಸಮವೆಂದು ಎಣಿಸುವ ಈ ಕೋರ್ಸ್‌ನಲ್ಲಿ ಮೊದಲು ತಾತ್ವಿಕ ಭಾಗ, ಅದರ ಪರೀಕ್ಷೆ ಮತ್ತು ಉದ್ಯಮವೊಂದು ಕೊಟ್ಟ ಸಮಸ್ಯೆಯ ಮೇಲಿನ ಯೋಜನೆ. ನಂತರ ಆರಿಸಿಕೊಂಡ ಕಸುಬಿನ ಆಳವಾದ ಅಭ್ಯಾಸ. ಇವುಗಳ ಜೊತೆಗೆ ಕನಿಷ್ಠ 315 ಗಂಟೆ, ಅಂದರೆ ಸುಮಾರು 45 ದಿನ, ನಿಜವಾದ ಕಾರ್ಖಾನೆಯಲ್ಲಿ ಕೆಲಸ. ಆ ಕೆಲಸದ ಅವಧಿ ಪೂರ್ತಿಯಾಗದೆ ಪ್ರಮಾಣಪತ್ರ ಸಿಗುವುದಿಲ್ಲ.

ವಿಶ್ವವಿದ್ಯಾಲಯ ಪ್ರವೇಶಕ್ಕಾಗಿ ದರ್ಜೆಗಳನ್ನು ಅಂಕಗಳಾಗಿ ಲೆಕ್ಕ ಹಾಕುವ ಪಟ್ಟಿಯಲ್ಲಿ ಈ ಮೂರೂ ಸರಿಸಮವಾಗಿ ಕಾಣುತ್ತವೆ. ಎ ಲೆವೆಲ್‌ನ ಮೂರು ಎ ದರ್ಜೆಗಳಿಗೆ 144 ಅಂಕ, ಟಿ ಲೆವೆಲ್‌ನ ಡಿಸ್ಟಿಂಕ್ಷನ್‌ಗೂ 144, ಬಿಟೆಕ್ ವಿಸ್ತೃತ ಡಿಪ್ಲೊಮಾದ ಮೂರು ಡಿಸ್ಟಿಂಕ್ಷನ್‌ಗಳಿಗೂ 144. ಅಂಕ ಸಮವಾದ ಮಾತ್ರಕ್ಕೆ ಪ್ರವೇಶವೂ ಸಮವಾಗುವುದಿಲ್ಲ ಎಂಬುದನ್ನು ನಾನು ವಿಶ್ವವಿದ್ಯಾಲಯಗಳ ಪ್ರವೇಶ ಪುಟಗಳನ್ನು ಒಂದೊಂದಾಗಿ ತೆರೆದು ಓದಿ ಖಚಿತಪಡಿಸಿಕೊಂಡೆ. ಹೆಸರಾಂತ ವಿಶ್ವವಿದ್ಯಾಲಯಗಳ ಎಂಜಿನಿಯರಿಂಗ್ ವಿಭಾಗಗಳು ಎ ಲೆವೆಲ್ ಗಣಿತವನ್ನು, ಹಲವೆಡೆ ಭೌತಶಾಸ್ತ್ರವನ್ನೂ, ಹೆಸರಿಸಿಯೇ ಕೇಳುತ್ತವೆ. ವೈದ್ಯಕೀಯ ಕಾಲೇಜುಗಳು ಬಹುಮಟ್ಟಿಗೆ ರಸಾಯನಶಾಸ್ತ್ರ, ಜೀವಶಾಸ್ತ್ರಗಳ ಎ ಲೆವೆಲ್ ಅನ್ನೇ ಬಯಸುತ್ತವೆ. ಇದನ್ನು ಕಾಲೇಜಿನ ಪುಸ್ತಿಕೆಯಿಂದ ತಿಳಿಯಲು ಸಾಧ್ಯವಿಲ್ಲ. ಮುಂದೆ ಸೇರಬೇಕೆಂದಿರುವ ಪದವಿಯ ಪುಟದಲ್ಲಿ ಅಂಕಗಳ ಕೆಳಗೆ ಬರೆದಿರುವ ವಿಷಯಗಳ ಸಾಲನ್ನು ಓದಿದರೆ ಮಾತ್ರ ತಿಳಿಯುತ್ತದೆ. ಎರಡು ವರ್ಷದ ಶ್ರಮವನ್ನು ಕಾಪಾಡುವ ಸಾಲು ಅದು ಎಂದೇ ನನ್ನ ನಂಬಿಕೆ.

ನನಗೆ ಯಂತ್ರಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಚಿಕ್ಕಂದಿನಿಂದ ಆಸಕ್ತಿ. ಊರಿನಲ್ಲಿದ್ದಾಗಲೂ ಪಾಲಿಟೆಕ್ನಿಕ್ ಸೇರಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು, ಬಿಇ ಎರಡನೇ ವರ್ಷಕ್ಕೆ ನೇರವಾಗಿ ಹೋಗುವ ಯೋಚನೆಯಿತ್ತು. 2024ರಲ್ಲಿ ವಿದೇಶಿ ಶುಲ್ಕ ಕಟ್ಟಿ ಪದವಿಗೆ ಹೋಗುವುದು ನಮ್ಮ ಮನೆಯ ಶಕ್ತಿಗೆ ಮೀರಿದ್ದರಿಂದ, ಕೋರ್ಸ್ ಮುಗಿದೊಡನೆ ಕೆಲಸ ಸಿಗಬೇಕು ಮತ್ತು ಕೆಲಸದಲ್ಲಿದ್ದುಕೊಂಡೇ ಮೇಲಕ್ಕೆ ಓದುವ ದಾರಿ ಇರಬೇಕು ಎಂಬ ಎರಡು ಷರತ್ತುಗಳನ್ನು ಇಟ್ಟುಕೊಂಡೆ. ವಿದ್ಯಾಭ್ಯಾಸಕ್ಕಲ್ಲದ ವೀಸಾದಲ್ಲಿ ಮೂರು ವರ್ಷ ಆ ದೇಶದಲ್ಲಿ ವಾಸವಾಗಿದ್ದವರಿಗೆ ಕೆಲಸ ಮಾಡುತ್ತಲೇ ಓದುವ ಅಪ್ರೆಂಟಿಸ್‌ಶಿಪ್‌ನ ಸರ್ಕಾರಿ ಅನುದಾನ ದೊರೆಯುತ್ತದೆ; ನನಗೆ ಆ ಮೂರು ವರ್ಷ ತುಂಬುವುದು 2025ರ ಜೂನ್‌ನಲ್ಲಿ. ಹಾಗಾಗಿ ಟಿ ಲೆವೆಲ್ ಮುಗಿಸಿ, ನಡುವಿನ ಒಂದು ವರ್ಷ ದುಡಿದು, ಆಮೇಲೆ ಉದ್ಯೋಗದಾತರ ಮೂಲಕವೇ ಓದು ಮುಂದುವರಿಸಬಹುದೆಂದು ಲೆಕ್ಕ ಕೂಡಿತು. ಬಿಟೆಕ್‌ನಲ್ಲೂ ಇದು ಅಸಾಧ್ಯವಾಗಿರಲಿಲ್ಲ. ಆದರೆ ಆ ಊರಿನಲ್ಲಿ ನಮ್ಮನ್ನು ಬಲ್ಲ ಒಬ್ಬ ಕಾರ್ಖಾನೆಯವರೂ ಇಲ್ಲದಿದ್ದಾಗ, ಕಾಲೇಜೇ ಹುಡುಕಿಕೊಡುವ 45 ದಿನದ ಕೆಲಸಕ್ಕೆ ನಾನು ಬಹಳ ಬೆಲೆ ಕೊಟ್ಟೆ.

ಕಾಲೇಜುಗಳ ಪರಿಚಯ ದಿನಗಳು ಹಿಂದಿನ ವರ್ಷದ ಶರತ್ಕಾಲದಲ್ಲೇ ಶುರುವಾಗುತ್ತವೆ. ಜೂನ್‌ನಲ್ಲಿ ಬಂದ ನನಗೆ ಅವು ಸಿಗಲಿಲ್ಲ. ಪ್ರವೇಶ ವಿಭಾಗಕ್ಕೆ ಪತ್ರ ಬರೆದು, ವರ್ಕ್‌ಶಾಪ್ ನೋಡಲು ಅವಕಾಶ ಕೇಳಿದೆ. ಅಪ್ಪನೂ ಜೊತೆಗೆ ಬಂದರು. ನಾನು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ವಾರದ ವೇಳಾಪಟ್ಟಿಯನ್ನು ತೋರಿಸುತ್ತೀರಾ ಎಂಬುದು. ಪೂರ್ಣಾವಧಿ ಎಂದ ಮಾತ್ರಕ್ಕೆ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ವಾರವಿಡೀ ತರಗತಿ ಇರುವುದಿಲ್ಲ. ಸಾಮಾನ್ಯ ಪೂರ್ಣಾವಧಿ ಕೋರ್ಸ್ ವರ್ಷಕ್ಕೆ ಸುಮಾರು 580 ಗಂಟೆಯಾದರೆ, ಟಿ ಲೆವೆಲ್ ಎರಡು ವರ್ಷಕ್ಕೆ ಸರಾಸರಿ 1,800 ಗಂಟೆ. ಸಂಜೆ, ವಾರಾಂತ್ಯಗಳಲ್ಲಿ ದುಡಿದು ಮನೆಗೆ ನೆರವಾಗಬೇಕಾದವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು, ಅದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು. ಪಾಠ ಹೇಳುವವರು ಉದ್ಯಮದಲ್ಲಿ ಎಷ್ಟು ಕಾಲ ದುಡಿದವರು, ಕೆಲಸದ ಅವಧಿಗೆ ಒಪ್ಪಿರುವ ಕಾರ್ಖಾನೆಗಳು ಎಷ್ಟು, ಅವು ಬಸ್ಸಿನಲ್ಲಿ ತಲುಪುವಷ್ಟು ಹತ್ತಿರವಿವೆಯೇ ಎಂಬುದನ್ನೂ ಕೇಳಿದೆ. ಹೊಸ ಕೋರ್ಸ್ ಆದ್ದರಿಂದ ಹಳೆಯ ಪ್ರಶ್ನೆಪತ್ರಿಕೆಗಳು ಇರಲಿಲ್ಲ. ಮಾದರಿ ಪತ್ರಿಕೆಗಳಷ್ಟೇ ಇದ್ದವು. ಅದನ್ನು ಬೋಧಕರು ಮುಚ್ಚಿಡದೆ ಹೇಳಿದ್ದು ಅವರ ಮೇಲೆ ನನ್ನ ವಿಶ್ವಾಸವನ್ನು ಹೆಚ್ಚಿಸಿತು.

ಕಾಲೇಜುಗಳನ್ನು ತಪಾಸಣೆ ಮಾಡುವ ಆಫ್‌ಸ್ಟೆಡ್ ಸಂಸ್ಥೆಯ ವರದಿಯನ್ನು ಓದಿದೆವು. ಇಡೀ ಕಾಲೇಜಿಗೆ ಕೊಟ್ಟ ತೀರ್ಪಿಗಿಂತ, ಒಳಗಿನ ಪುಟಗಳಲ್ಲಿ ನಮ್ಮ ವಿಭಾಗದ ಬಗ್ಗೆ ಬರೆದಿದ್ದ ನಾಲ್ಕು ಸಾಲು ನಮಗೆ ಹೆಚ್ಚು ಬೇಕಾಗಿತ್ತು.

ಇಂಗ್ಲಿಷ್ ಮತ್ತು ಗಣಿತದ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಅಲ್ಲಿ ಹದಿನಾರನೇ ವಯಸ್ಸಿನ ಜಿಸಿಎಸ್‌ಇ ಪರೀಕ್ಷೆಯಲ್ಲಿ ಈ ಎರಡರಲ್ಲಿ ಯಾವುದರಲ್ಲಾದರೂ ತೇರ್ಗಡೆಯ ಮಟ್ಟವಾದ ನಾಲ್ಕನೇ ಅಥವಾ ಅದಕ್ಕಿಂತ ಮೇಲಿನ ದರ್ಜೆ ಪಡೆಯದವರು, ಕಾಲೇಜಿನಲ್ಲಿ ಯಾವ ಕೋರ್ಸ್ ಓದಿದರೂ, ಅದನ್ನು ಜೊತೆಗೆ ಓದುತ್ತಲೇ ಇರಬೇಕು. 2014ರಿಂದ ಸರ್ಕಾರದ ಅನುದಾನಕ್ಕೆ ಅದೇ ಷರತ್ತು. ಹೊರದೇಶದಿಂದ ಬಂದವರ ಅಂಕಪಟ್ಟಿಯ ಸಮಾನತೆಯನ್ನು ಯುಕೆ ಎನಿಕ್ ಎಂಬ ಸಂಸ್ಥೆ ತಿಳಿಸುತ್ತದೆ; ಕಾಲೇಜೂ ತನ್ನದೇ ಪರೀಕ್ಷೆ ಕೊಟ್ಟು ನೋಡುತ್ತದೆ. ನನ್ನ ಗಣಿತವನ್ನು ಒಪ್ಪಿದರು. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಜಿಸಿಎಸ್‌ಇ ಇಂಗ್ಲಿಷನ್ನು ಜೊತೆಗೆ ಓದಿಸಿದರು; ವಾರದ ಆ ತರಗತಿಗಳಿಂದಲೇ ತಾಂತ್ರಿಕ ವರದಿ ಬರೆಯುವ ಧೈರ್ಯ ಬಂತು. ಊರಿನಿಂದ ಹೊರಡುವವರು ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರ, ಶಾಲೆಯಲ್ಲಿ ಓದಿದ ವಿಷಯಗಳ ವಿವರವನ್ನು ಕೈಯಲ್ಲೇ ತರುವುದು ಅಗತ್ಯ, ಏಕೆಂದರೆ ಬೇಸಿಗೆ ರಜೆಯಲ್ಲಿ ಊರಿನಿಂದ ತರಿಸಿಕೊಳ್ಳಲು ಸಮಯ ಸಾಲುವುದಿಲ್ಲ. ಪ್ರಯಾಣ, ಸಲಕರಣೆಗಳ ವೆಚ್ಚಕ್ಕೆ ಕಡಿಮೆ ಆದಾಯದ ಮನೆಯವರಿಗೆ ಕಾಲೇಜಿನಲ್ಲಿ ಬರ್ಸರಿ ನಿಧಿ ಇರುತ್ತದೆ. ಅದರ ಅರ್ಜಿಯನ್ನು ಸೇರುವ ದಿನವೇ ಕೇಳಿ ಪಡೆಯಬೇಕು.

ಯಂತ್ರಗಳ ನಿರ್ವಹಣೆ ಮತ್ತು ದುರಸ್ತಿಯ ಟಿ ಲೆವೆಲ್ ಸೇರಿ, 2024ರ ಬೇಸಿಗೆಯಲ್ಲಿ ಮುಗಿಸಿದೆ. ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸದ ಅವಧಿ ನಡೆದಿತ್ತು. ಅವರೇ ನನ್ನನ್ನು ತಂತ್ರಜ್ಞೆಯಾಗಿ ತೆಗೆದುಕೊಂಡರು, ಮತ್ತು 2025ರ ಸೆಪ್ಟೆಂಬರ್‌ನಿಂದ ಅಪ್ರೆಂಟಿಸ್‌ಶಿಪ್‌ನಡಿ ವಾರಕ್ಕೊಂದು ದಿನ ಕಾಲೇಜಿಗೆ ಕಳುಹಿಸಿ, ಪದವಿಯ ಮೊದಲ ವರ್ಷದ ಮಟ್ಟದ ತಾಂತ್ರಿಕ ಪ್ರಮಾಣಪತ್ರವಾದ ಎಚ್‌ಎನ್‌ಸಿ ಓದಿಸುತ್ತಿದ್ದಾರೆ.

ಅದೇ ತಿಂಗಳಲ್ಲಿ ತಂಗಿಯೂ ಅದೇ ಕಾಲೇಜಿಗೆ ಸೇರಿದಳು, ಬೇರೆ ಕಟ್ಟಡಕ್ಕೆ. ಅವಳಿಗೆ ವೈದ್ಯಕೀಯ ಓದುವಾಸೆ. ನಾನು ಮಾಡಿದಂತೆಯೇ ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿದೆವು: ವೈದ್ಯಕೀಯ ಕಾಲೇಜುಗಳು ಕೇಳುವ ವಿಷಯಗಳನ್ನು ನೋಡಿದರೆ ಎ ಲೆವೆಲ್ ಬಿಟ್ಟು ಬೇರೆ ದಾರಿಯಿರಲಿಲ್ಲ. ಅವಳ ಓದು ಮುಗಿಯುವುದೂ 2027ರ ಬೇಸಿಗೆಯಲ್ಲಿ, ನಮ್ಮ ಐದು ವರ್ಷ ತುಂಬುವುದೂ ಆಗಲೇ. ಆದರೆ ಶಾಶ್ವತ ವಾಸಕ್ಕೆ ಕಾಯುವ ಅವಧಿಯನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾವವನ್ನು ಸರ್ಕಾರ 2025ರ ಮೇ ತಿಂಗಳಲ್ಲಿ ಮುಂದಿಟ್ಟದ್ದರಿಂದ, ಆ ಇಸವಿಯನ್ನು ನೆಚ್ಚಿ ಕೂರಲಾಗದು. ಅದಕ್ಕಾಗಿ ಅವಳು ರಸಾಯನಶಾಸ್ತ್ರ, ಜೀವಶಾಸ್ತ್ರಗಳ ಜೊತೆಗೆ ಮೂರನೆಯ ವಿಷಯವಾಗಿ ಗಣಿತವನ್ನೇ ಆರಿಸಿದಳು. ವೈದ್ಯಕೀಯ ತಡವಾದರೆ ಪ್ರಯೋಗಾಲಯದ ಅಪ್ರೆಂಟಿಸ್‌ಶಿಪ್‌ಗಳಿಗೆ ಅರ್ಜಿ ಹಾಕಲು ಆ ಮೂರೂ ವಿಷಯಗಳು ನೆರವಿಗೆ ಬರುತ್ತವೆ.