ಆಯಿಯ ಬೆಂಡೋಲೆಗೆ ಕಿವಿಯನ್ನು ಒಪ್ಪಿಸಿದ್ದು

ಆಯಿ ತೀರಿಕೊಂಡ ಮೇಲೆ ಅವಳ ಬೆಂಡೋಲೆ ನನ್ನ ಪಾಲಿಗೆ ಬಂತು. ಹಾಕಿಕೊಳ್ಳಲು ಹೋದರೆ ಕಡ್ಡಿ ನನ್ನ ಕಿವಿಯ ತೂತಿನ ಬಾಯಲ್ಲೇ ನಿಂತಿತು. ಬಾಗಲಕೋಟೆಯ ಪತ್ತಾರರೊಬ್ಬರು ಅಳೆದು ನೋಡಿದರು: ಕಡ್ಡಿ 4 ಮಿಲಿಮೀಟರ್, ನನ್ನ ತೂತು ಸುಮಾರು 1. "ಉಜ್ಜಿ ಸಣ್ಣದು ಮಾಡಿಕೊಡಲೇ, ತಂಗೀ?" ಎಂದರು. ಬೇಡ ಎಂದೆ. ಓಲೆಗೆ ಅರ ಹಾಕಿಸಲು ಮನಸ್ಸು ಬರಲಿಲ್ಲ. ಬದಲಿಗೆ ಕಿವಿಯ ತೂತನ್ನೇ ಹಿಗ್ಗಿಸಲು ಹೊರಟೆ.

ಆಯಿಯ ಕಾಲದಲ್ಲಿ ಜೋಳದ ದಂಟಿನ ಬೆಂಡನ್ನು ತೂತಿಗೆ ಇಡುತ್ತಿದ್ದರಂತೆ. ತೇವ ಹೀರಿ ಬೆಂಡು ಉಬ್ಬುತ್ತದೆ, ತೂತು ಹಿಗ್ಗುತ್ತದೆ. ಉಪಾಯ ಚೆಂದವೇ, ಆದರೆ ಎಷ್ಟು ಉಬ್ಬಬೇಕೆಂಬುದು ನಮ್ಮ ಕೈಯಲ್ಲಿಲ್ಲ. ಅದರ ಸಂದಿಗಳಲ್ಲಿ ಕೊಳೆಯೂ ಕೂರುತ್ತದೆ. ನಾನು ತೂತಿಗೆ ತೂರಿಸುವ ಗಾಜಿನ ಬಿರಡೆ, ಅಂದರೆ ಪ್ಲಗ್ ತರಿಸಿಕೊಂಡೆ, ಒಂದೇ ಕಡೆ ಅಂಚಿರುವಂಥವು. 1.2, 1.6, 2, 2.5, 3, 4 ಮಿಲಿಮೀಟರ್ ಎಂಬ ಮೆಟ್ಟಿಲುಗಳು. ಪ್ರತಿ ಮೆಟ್ಟಿಲಿನಲ್ಲೂ ಕನಿಷ್ಠ ಎರಡು ತಿಂಗಳ ವಾಸ. ಬಿಸಿನೀರಿನ ಸ್ನಾನವಾದ ಮೇಲೆ ಹಾಲೆ ಮೆತ್ತಗಿರುವಾಗ, ಕೈ ತೊಳೆದು, ನೀರಿನಂಶದ ಜೆಲ್ ಸವರಿ ಹಾಕಿದರೆ ಪ್ಲಗ್ ತಾನೇ ಜಾರಿಹೋಗಬೇಕು. ಒತ್ತಬೇಕೆನಿಸಿದರೆ ಕಿವಿ ಇನ್ನೂ ಸಿದ್ಧವಾಗಿಲ್ಲ ಎಂದೇ ಅರ್ಥ.

ಇಷ್ಟೆಲ್ಲ ತಿಳಿದೂ ನಾನು ಎಡವಿದೆ. ಗುಳೇದಗುಡ್ಡದಲ್ಲಿ ಚಿಕ್ಕಪ್ಪನ ಮಗಳ ಮದುವೆ. ಅದಕ್ಕೆ ಬೆಂಡೋಲೆ ಹಾಕಲೇಬೇಕೆಂಬ ಹಟ. 2.5ಕ್ಕೆ ಬಂದು ಮೂರು ವಾರವಾಗಿತ್ತಷ್ಟೇ. 3ನ್ನು ಬಿಟ್ಟು, ಚೂಪು ತುದಿಯಿಂದ ದಪ್ಪವಾಗುತ್ತ ಹೋಗುವ ಟೇಪರ್ ಎಂಬ ಕಡ್ಡಿ ತೂರಿಸಿ, ನೇರವಾಗಿ 4ಕ್ಕೆ ಹಾರಿದೆ. ಎಡಗಿವಿ ರಾತ್ರಿಯಿಡೀ ಸಿಡಿಯಿತು. ಬೆಳಿಗ್ಗೆ ಕನ್ನಡಿ ಹಿಡಿದು ನೋಡಿದರೆ ಹಾಲೆಯ ಹಿಂದೆ ತೂತಿನ ಒಳಚರ್ಮ ತುಟಿಯಂತೆ ಹೊರಚಾಚಿ ಕೆಂಪಗಾಗಿತ್ತು. ಪಿಯರ್ಸಿಂಗ್ ಮಾಡುವವರು ಇದಕ್ಕೆ ಬ್ಲೋಔಟ್ ಎನ್ನುತ್ತಾರೆ. ಹಾಗೆಯೇ ಬಿಟ್ಟರೆ ಆ ಅಂಚು ಗಟ್ಟಿಯಾಗಿ ಉಳಿದುಬಿಡಬಹುದು. ಪ್ಲಗ್ ತೆಗೆದು 2ಕ್ಕೆ ಇಳಿದೆ. ಔಷಧದಂಗಡಿಯ ನಾರ್ಮಲ್ ಸಲೈನ್‌ನಿಂದ ದಿನಕ್ಕೆರಡು ಬಾರಿ ತೊಳೆದೆ. ನೋವು ಪೂರ್ತಿ ಹೋದ ಮೇಲಷ್ಟೇ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕತೊಡಗಿದೆ. ಮತ್ತೆ ಮೇಲೇರಲು ನಾಲ್ಕು ತಿಂಗಳು ಕಾದೆ. ಮದುವೆಗೆ ಹೋದದ್ದು ಸಾದಾ ರಿಂಗಿನಲ್ಲಿ.

ಎರಡನೆಯ ಸಲ 3ರಿಂದ 4ಕ್ಕೆ ಹೋಗಲು ನಳ ಜೋಡಿಸುವವರ ಬಿಳಿ ಟೆಫ್ಲಾನ್ ಟೇಪು ನೆರವಿಗೆ ಬಂತು. ಅದಕ್ಕೆ ಅಂಟಿರುವುದಿಲ್ಲ. ಪ್ಲಗ್‌ಗೆ ಹತ್ತು ದಿನಕ್ಕೊಂದು ಸುತ್ತು ಹೆಚ್ಚಿಸುತ್ತ ಹೋದೆ, ತೆಗೆದಾಗಲೆಲ್ಲ ಹೊಸ ಟೇಪು. ಕಿವಿಗೆ ಗೊತ್ತೇ ಆಗಲಿಲ್ಲ.

ನೆರೆಮನೆಯ ಕಾಕು ಇದನ್ನು ವಿದೇಶಿ ಚಟ ಎಂದರು. ಬಾದಾಮಿಗೆ ಹೋದಾಗ, ಕ್ರಿ.ಶ. 578ರ ಮೂರನೆಯ ಗುಹೆಯಲ್ಲಿ ಶೇಷನ ಮೇಲೆ ಕುಳಿತ ವಿಷ್ಣುವಿನ ಕಿವಿ ತೋರಿಸಿದೆ. ಸುಮ್ಮನಾದರು.

ಇದೆಲ್ಲ ಮಾಗಿದ ಹಾಲೆಗೆ ಮಾತ್ರ, ಮೇಲಿನ ಮೃದ್ವಸ್ಥಿಗಲ್ಲ. ಗಾಯದ ಕಲೆ ಗಂಟುಗಟ್ಟುವವರು, ಸಕ್ಕರೆ ಕಾಯಿಲೆಯವರು ಮೊದಲು ಚರ್ಮವೈದ್ಯರನ್ನು ಕೇಳಲಿ. ಕೀವು, ಜ್ವರ ಬಂದರೆ ಮನೆಮದ್ದು ಬೇಡ. ತೂತು ಮತ್ತೆ ಕುಗ್ಗುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಹಿಗ್ಗಿಸುವ ಮೊದಲೇ ಇದನ್ನು ಯೋಚಿಸಬೇಕು.

ಈಗ ಬೆಂಡೋಲೆ ಹಬ್ಬ ಮದುವೆಗಳಲ್ಲಿ ನಾಲ್ಕೈದು ತಾಸು, ಉಳಿದಂತೆ ಗಾಜಿನ ಪ್ಲಗ್. ಆಯಿ ಅದನ್ನು ಹಗಲಿರುಳೂ ಹಾಕಿಕೊಂಡಿದ್ದಳು. ಕೊನೆಗೆ ಅವಳ ಎಡಹಾಲೆಯ ಕೆಳಗೆ ದಾರದಷ್ಟು ಚರ್ಮ ಉಳಿದಿತ್ತು. ಅದನ್ನು ನೆನೆದು, ಭಾರ ಕೂದಲಿಗೂ ಹಂಚಿಹೋಗಲೆಂದು ಪತ್ತಾರರಿಂದ ಒಂದು ಜೊತೆ ಕಿವಿಸರಪಳಿ ಮಾಡಿಸಿಕೊಂಡೆ.