ಅಪ್ಪಯ್ಯನ ಮರ್ಫಿಗೆ ಏರಿಯಲ್ ಕಟ್ಟಿದ್ದು

ನಮ್ಮನೆ ರೇಡಿಯೋದಲ್ಲಿ ಭದ್ರಾವತಿ ಸ್ಟೇಷನ್ ಚೆನ್ನಾಗಿ ಕೇಳಬೇಕು ಅಂದರೆ ಕರೆಂಟ್ ಹೋಗಬೇಕಿತ್ತು. ಕರೆಂಟ್ ಹೋದರೆ ರೇಡಿಯೋನೂ ಬಂದ್! ಅದು ಮರ್ಫಿ ಕಂಪನಿಯ ವಾಲ್ವ್ ರೇಡಿಯೋ, ಒಳಗೆ ಬಲ್ಬಿನಂಥ ಗಾಜಿನ ವಾಲ್ವ್‌ಗಳಿರುವುದು, ಅಪ್ಪಯ್ಯ ಒಂದು ವರ್ಷ ಅಡಿಕೆಗೆ ಒಳ್ಳೆ ರೇಟು ಬಂದಾಗ ತಂದದ್ದು. ಎಷ್ಟೋ ವರ್ಷ ಅಟ್ಟದ ಮೇಲಿತ್ತು. 2018ರ ಬೇಸಿಗೆಯಲ್ಲಿ ಕೆಳಗಿಳಿಸಿ, ಶಿವಮೊಗ್ಗದಲ್ಲಿ ರಿಪೇರಿ ಮಾಡಿಸಿ, ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಜಗಲಿಯಲ್ಲಿಟ್ಟೆ. ಹಾಕಿದರೆ ಬರೀ ಗೊರ್ ಸದ್ದು. 675 ಕಿಲೋಹರ್ಟ್ಸ್‌ನ ಭದ್ರಾವತಿ ಬಾವಿಯ ತಳದಿಂದ ಮಾತಾಡಿದ ಹಾಗಿತ್ತು. ವಾಲ್ವ್ ವೀಕ್ ಅಂದರು ರಿಪೇರಿಯವರು. ಬದಲಾಯಿಸಿದೆ. ದುಡ್ಡು ಹೋಯಿತು, ಗೊರ್ ಹೋಗಲಿಲ್ಲ.

ಒಂದು ಸಂಜೆ ಕರೆಂಟ್ ಇರಲಿಲ್ಲ, ಇನ್ವರ್ಟರ್ ಬ್ಯಾಟರಿಯೂ ಇಳಿದಿತ್ತು. ಸುಮ್ನೆ ಅಮ್ಮನ ಸೆಲ್ಲಿನ ಟ್ರಾನ್ಸಿಸ್ಟರ್ ಹಾಕಿದೆ. ಅದೇ ಜಗಲಿಯಲ್ಲಿ ಭದ್ರಾವತಿ ಗಂಟೆ ಹೊಡೆದ ಹಾಗೆ ಬರುತ್ತಿತ್ತು. ಆಗ ಗೊತ್ತಾಯಿತು. ಸ್ಟೇಷನ್ ನಮ್ಮ ಮನೆವರೆಗೆ ಬರುತ್ತಿದೆ, ಮನೆಯೊಳಗಿನ ಗಲಾಟೆಯಲ್ಲಿ ಮುಳುಗಿ ಹೋಗುತ್ತಿದೆ.

ಮರುದಿನ ಆ ಟ್ರಾನ್ಸಿಸ್ಟರನ್ನೇ ಹಿಡಿದು ಮನೆಯೆಲ್ಲ ಸುತ್ತಿದೆ. ಯಾವ ಸ್ಟೇಷನ್ನೂ ಇಲ್ಲದ ಖಾಲಿ ಜಾಗಕ್ಕೆ ಮುಳ್ಳು ನಿಲ್ಲಿಸಿ, ಸದ್ದು ಎಲ್ಲಿ ಜಾಸ್ತಿ ಆಗುತ್ತದೆ ಅಂತ ನೋಡಿದರಾಯಿತು. ಅಡುಗೆಮನೆಯ ಒಂದು ಎಲ್‌ಇಡಿ ಬಲ್ಬು, ಮಗನ ಮೊಬೈಲ್ ಚಾರ್ಜರ್, ಇನ್ವರ್ಟರ್. ಈ ಮೂರೂ ಕಳ್ಳರೇ. ಬಲ್ಬು ಬದಲಾಯಿಸಿದೆ, ಚಾರ್ಜರನ್ನು ರೇಡಿಯೋ ಹಾಕುವಾಗ ಕಿತ್ತಿಡುವುದು ಅಂತ ಆಯಿತು. ಇನ್ವರ್ಟರನ್ನು ಹೊರಗೆ ಹಾಕುವ ಹಾಗಿಲ್ಲ, ಮಳೆಗಾಲದಲ್ಲಿ ಅದಿಲ್ಲದೆ ನಮ್ಮಲ್ಲಿ ಬದುಕಿಲ್ಲ.

ಇಷ್ಟಾದ ಮೇಲೂ ಸೆಕೆಂಡಿಗೊಂದು ಟಿಕ್, ಟಿಕ್ ಉಳಿಯಿತು. ಬೆನ್ನು ಹತ್ತಿ ಹೋದರೆ ಅದು ಪಕ್ಕದ ತೋಟದ ಸೋಲಾರ್ ಬೇಲಿ. ಬೇಲಿಯ ತಂತಿಗೆ ಸೆಕೆಂಡಿಗೊಮ್ಮೆ ಹೊಡೆತ ಬಿಡುವ ಯಂತ್ರವದು. ಹಸಿ ಕಳೆ ತಂತಿಗೆ ತಾಗಿದರೆ ಕಿಡಿ ಹಾರುತ್ತದೆ, ಆ ಕಿಡಿ ರೇಡಿಯೋದಲ್ಲಿ ಕೇಳುತ್ತದೆ. ತೋಟ ನಮ್ಮ ಭಾವನದೇ. ಹೇಳಿದರೆ, "ಹಂದಿಗೆ ಹಾಕಿದ್ದು ಮಾರಾಯ, ನಿಂಗೆ ಹೊಡೀತಾ?" ಅಂತ ನಕ್ಕರು. ಆದರೂ ಕಳೆ ಸವರಿಸಿದರು. ಟಿಕ್ ಅರ್ಧಕ್ಕರ್ಧ ಇಳಿಯಿತು.

ಇನ್ನು ಏರಿಯಲ್, ಅಂದರೆ ರೇಡಿಯೋ ಅಲೆ ಹಿಡಿಯುವ ವೈರ್. ಅಪ್ಪಯ್ಯನ ಕಾಲದಲ್ಲಿ ಜಗಲಿಯ ಗೋಡೆಯಿಂದ ಗೋಡೆಗೆ ತಾಮ್ರದ ಜಾಲರಿಪಟ್ಟಿ ಕಟ್ಟುತ್ತಿದ್ದರು. ಆಗ ಮನೆಯಲ್ಲಿ ಇದ್ದದ್ದು ನಾಲ್ಕು ಬಲ್ಬು, ಹಾಗಾಗಿ ಅದು ನಡೆಯುತ್ತಿತ್ತು. ನಾನು 20 ಮೀಟರ್ ವೈರ್ ತಂದು ಸೂರಿನ ಉದ್ದಕ್ಕೆ ಎಳೆದೆ. ಗೊರ್ ಇನ್ನೂ ಜೋರಾಯಿತು! ಕಂಬದಿಂದ ಮನೆಗೆ ಬರುವ ಕರೆಂಟ್ ವೈರಿನ ಪಕ್ಕದಲ್ಲೇ ಎಳೆದಿದ್ದೆ ನೋಡಿ, ಅದರ ಕೊಳೆಯನ್ನೆಲ್ಲ ಇದು ಬಳಿದುಕೊಂಡು ಬಂತು. ಎರಡನೇ ಸಲ ಮನೆಗೆ ಬೆನ್ನು ಹಾಕಿ, ಕರೆಂಟ್ ವೈರಿಗೆ ಅಡ್ಡವಾಗಿ, ತೋಟದ ಕಡೆ ಎಳೆದೆ. ತುದಿಯನ್ನು ಅಡಿಕೆ ಮರಕ್ಕೆ ಬಿಗಿದದ್ದು ತಪ್ಪಾಯಿತು. ಮೇ ತಿಂಗಳ ಮೊದಲ ಗಾಳಿಗೆ ಮರ ತೂಗಿತು, ವೈರ್ ತುಂಡು. ಈಗ ತುದಿ ಹಲಸಿನ ಮರದಲ್ಲಿದೆ. ನೈಲಾನ್ ಹಗ್ಗ ಸಣ್ಣ ರಾಟೆಯ ಮೇಲೆ ಹಾದು ಕೆಳಗೆ ಒಂದು ಕಲ್ಲು ನೇತಾಡುತ್ತದೆ. ಗಾಳಿ ಬಂದರೆ ಕಲ್ಲು ಏರಿ ಇಳಿಯುತ್ತದೆ, ವೈರ್ ಉಳಿಯುತ್ತದೆ. ವೈರಿಗೂ ಹಗ್ಗಕ್ಕೂ ಮಧ್ಯೆ ಪಿಂಗಾಣಿ ಇನ್ಸುಲೇಟರ್. ಅದು ಸಿಗದಿದ್ದರೆ ಪಿವಿಸಿ ಪೈಪಿನ ತುಂಡಿಗೆ ಎರಡು ತೂತು ಕೊರೆದರೂ ಸಾಕು.

ಆದರೆ ನಿಜವಾಗಿ ರೇಡಿಯೋಗೆ ಜೀವ ಬಂದದ್ದು ವೈರಿನಿಂದ ಅಲ್ಲ, ಅರ್ತಿನಿಂದ, ಅಂದರೆ ರೇಡಿಯೋವನ್ನು ನೆಲಕ್ಕೆ ಜೋಡಿಸಿದ್ದರಿಂದ. ಲೆಕ್ಕ ನೋಡಿ. ಭದ್ರಾವತಿಯ ಒಂದು ಅಲೆಯ ಉದ್ದ ಸುಮಾರು 444 ಮೀಟರ್. ಅದರ ಕಾಲು ಭಾಗವೇ 111 ಮೀಟರ್. ಅಷ್ಟು ವೈರ್ ಯಾರ ಮನೆಯಲ್ಲಿ ಎಳೆಯೋಕಾಗುತ್ತೆ? ನಮ್ಮದು ಯಾವಾಗಲೂ ಗಿಡ್ಡ ಏರಿಯಲ್ಲೇ. ಏರಿಯಲ್ ಒಂದು ಕೈ ಆದರೆ ಇನ್ನೊಂದು ಕೈ ನೆಲ, ಆ ಕೈ ಗಟ್ಟಿ ಇರಬೇಕು. ಮರ್ಫಿಯ ಹಿಂದೆ ಏರಿಯಲ್ ತೂತಿನ ಪಕ್ಕ ಅರ್ತ್ ತೂತು ಇತ್ತು. ಅದನ್ನು ನಾನು ಖಾಲಿ ಬಿಟ್ಟಿದ್ದೆ.

ಮೊದಲು ಅಂಗಳದ ಮೂಲೆಯಲ್ಲಿ ಪೈಪ್ ಹೊಡೆದೆ. ಎರಡಡಿ ಕೆಳಗೆ ಜಂಬಿಟ್ಟಿಗೆ ಕಲ್ಲು, ಬೇಸಿಗೆಯಲ್ಲಿ ಒಣಗಿದ ರೊಟ್ಟಿ. ಏನೂ ಪ್ರಯೋಜನ ಆಗಲಿಲ್ಲ. ಅಮ್ಮ ನೋಡಿ, "ಬಚ್ಚಲ ಹಿಂದೆ ಹೊಡಿ, ಅಲ್ಲಿ ಕೆಸು ಒಣಗಿದ್ದನ್ನ ನಾನು ಕಂಡೇ ಇಲ್ಲ" ಅಂದರು. ಹೌದಲ್ವಾ! ಐದಡಿಯ ಜಿಐ ಪೈಪ್ ಅಲ್ಲಿಗೆ ಇಳಿಸಿ, ಸುತ್ತ ಹಂಡೆ ಒಲೆಯ ಇದ್ದಿಲು, ಉಪ್ಪು ತುಂಬಿದೆ. ದಪ್ಪ ತಾಮ್ರದ ವೈರನ್ನು ಆದಷ್ಟು ಗಿಡ್ಡವಾಗಿ ಮರ್ಫಿಗೆ ತಂದೆ. ಸಿಕ್ಕಿಸಿದ ಕೂಡಲೇ ಗೊರ್ ಕೆಳಗೆ ಕೂತಿತು, ಭದ್ರಾವತಿ ಮೇಲೆ ಎದ್ದಿತು. ಹಗಲಲ್ಲಿ 765ರ ಧಾರವಾಡವೂ ಸಿಕ್ಕಿತು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎಲ್ಲ ಹಳೆಯ ರೇಡಿಯೋಗೂ ಹೀಗೆ ಅರ್ತ್ ಕೊಡಬೇಡಿ. ಎಸಿ, ಡಿಸಿ ಎರಡರಲ್ಲೂ ನಡೆಯುವ ಸೆಟ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಚಾಸಿಗೇ, ಅಂದರೆ ಒಳಗಿನ ಲೋಹದ ತಟ್ಟೆಗೇ, ನೇರ ಮೇನ್ಸ್ ಕರೆಂಟ್ ಬರಬಹುದು. ವಾಲ್ವ್‌ಗಳ ಹೆಸರು ಯುಸಿಎಚ್, ಯುಬಿಎಫ್ ಹೀಗೆ 'ಯು'ನಿಂದ ಶುರುವಾದರೆ ಅನುಮಾನ ಪಡಿ. ನೆಂಟರೊಬ್ಬರ ಅಂಥ ಸೆಟ್ಟಿನ ಚಾಸಿ ಮುಟ್ಟಿ ಕೈ ಮೊಣಕೈವರೆಗೆ ಜುಂ ಅಂದದ್ದು ನನಗಿನ್ನೂ ನೆನಪಿದೆ. ನಮ್ಮ ಮರ್ಫಿಯದು ಇಸಿಎಚ್, ಇಬಿಎಫ್ ವಾಲ್ವ್‌ಗಳು, ಒಳಗೆ ಟ್ರಾನ್ಸ್‌ಫಾರ್ಮರ್ ಇದೆ. ಕಣ್ಣಾರೆ ನೋಡಿಯೇ ಅರ್ತ್ ಕೊಟ್ಟೆ.

ಸಿಡಿಲಿನ ಕಥೆ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಏರಿಯಲ್ಲಿಗೆ ಮನೆಯ ಹೊರಗೇ ಒಂದು ನೈಫ್ ಸ್ವಿಚ್ ಹಾಕಿದ್ದೇನೆ. ಕೆಳಗೆ ಎಳೆದರೆ ವೈರ್ ನೇರ ಅರ್ತಿಗೆ. ಮೋಡ ಕಟ್ಟುವ ಮೊದಲೇ ಎಳೆಯಬೇಕು. ಗುಡುಗು ಕೇಳಿದ ಮೇಲೆ ಓಡಿ ಹೋಗಿ ಅದನ್ನು ಮುಟ್ಟುವ ಸಾಹಸ ಬೇಡ.

ನಾನು ಮಾಡಿದ ಇನ್ನೊಂದು ತಪ್ಪು, ಏರಿಯಲ್ ಹೇಗಿದೆ ಅಂತ ರಾತ್ರಿ ಪರೀಕ್ಷೆ ಮಾಡಿದ್ದು. ಹೊತ್ತು ಮುಳುಗಿದ ಮೇಲೆ ಭದ್ರಾವತಿ, ಧಾರವಾಡದಂಥ ಸ್ಟೇಷನ್‌ಗಳ ಮೀಡಿಯಂ ವೇವ್ ಅಲೆ ಆಕಾಶಕ್ಕೆ ಬಡಿದು ಎಲ್ಲೆಲ್ಲಿಂದಲೋ ಬರುತ್ತದೆ. ಒಂದು ಗಳಿಗೆ ಜೋರು, ಒಂದು ಗಳಿಗೆ ಮಾಯ. ವೈರ್ ಬದಲಾಯಿಸಿದ್ದಕ್ಕೋ ಆಕಾಶಕ್ಕೋ ಗೊತ್ತೇ ಆಗುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ನೋಡಿ, ಆಗ ಸಿಗುವುದು ನಿಜವಾದ ಲೆಕ್ಕ.

ಈಗ ಬೆಳಿಗ್ಗೆ ಅಮ್ಮನೇ ಮರ್ಫಿ ಹಾಕುತ್ತಾರೆ. ಮಳೆಗಾಲ ಶುರುವಾಗಿ ಹದಿನೈದು ದಿನಕ್ಕೆ ವಾರ್ತೆಯ ಮಧ್ಯೆ ಟಿಕ್, ಟಿಕ್ ಮತ್ತೆ ಬರುತ್ತದೆ. "ನಿನ್ನ ಭಾವನಿಗೆ ಫೋನ್ ಮಾಡು, ಬೇಲಿಗೆ ಕಳೆ ಹತ್ತಿದೆ" ಅನ್ನುತ್ತಾರೆ ಅಡುಗೆಮನೆಯಿಂದಲೇ.