ದಪ್ಪಗಿರುವ ಮಗುವಿನ ಬಿಪಿ ಮನೆಯಲ್ಲಿ ನೋಡುವುದು ಹೇಗೆ?

ತೂಕ ಜಾಸ್ತಿ, ಬಿಪಿಯೂ ಸ್ವಲ್ಪ ಮೇಲಿದೆ, ದಿನಾ ಆಡಿಸಿ ಅಂತ ಡಾಕ್ಟರು ಹೇಳಿರುತ್ತಾರೆ. ಮುಂಬೈಯ ಡೊಂಬಿವಲಿ, ಮುಲುಂಡ್ ಕಡೆಯ ನಮ್ಮವರ ಮನೆಗಳಲ್ಲಿ ಮುಂದಿನದ್ದು ನೋಡಿದ್ದೇನೆ. ಹುಡುಗ ಸೊಸೈಟಿ ಕಾಂಪೌಂಡಿನಲ್ಲಿ ಕ್ರಿಕೆಟ್ ಆಡಿ ಏದುಸಿರು ಬಿಡುತ್ತಾ ಬರುತ್ತಾನೆ. ತಕ್ಷಣ ಅಜ್ಜನ ಬಿಪಿ ಮಷಿನ್ ಸುತ್ತುತ್ತಾರೆ. ನಂಬರ್ ಏರಿರುತ್ತದೆ. ಮರುದಿನದಿಂದ ಆಟ ಬಂದ್!

ಆಡುವಾಗ ಮೇಲಿನ ನಂಬರ್ ಏರಲೇಬೇಕು. ಸ್ನಾಯುಗಳಿಗೆ ರಕ್ತ ಜಾಸ್ತಿ ಬೇಕಲ್ವಾ? ಆಟ ನಿಂತ ಮೇಲೆ ಇಳಿಯುತ್ತದೆ. ತಿಂಗಳುಗಟ್ಟಲೆ ಬಿಡದೆ ಆಡಿದರೆ ರಕ್ತನಾಳಗಳು ಸಲೀಸಾಗಿ ಹಿಗ್ಗುತ್ತವೆ, ಸುಮ್ನೆ ಕೂತಾಗಿನ ಬಿಪಿಯೂ ತಗ್ಗುತ್ತದೆ. ತೂಕ ಅಷ್ಟಾಗಿ ಇಳಿಯದಿದ್ದರೂ ಈ ಲಾಭ ಸಿಗಬಹುದು.

ಮೊದಲು ಆಟ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮುಂಬೈ ಮಳೆಯಲ್ಲಿ ಮೆಟ್ಟಿಲು ಹತ್ತಿಸಿ, ಹಗ್ಗ ಜಿಗಿಸಿ.

ಇನ್ನು ತೋಳಿಗೆ ಸುತ್ತುವ ಪಟ್ಟಿ. ಎಲ್ಲರೂ ಎಡವುವುದು ಇಲ್ಲೇ. ದರ್ಜಿ ಟೇಪ್ ತಗೊಂಡು ಭುಜದ ತುದಿಗೂ ಮೊಣಕೈಗೂ ನಡುಮಧ್ಯೆ ತೋಳಿನ ಸುತ್ತಳತೆ ನೋಡಿ. ಪಟ್ಟಿಯ ಮೇಲೆ 22–32 ಸೆಂ.ಮೀ. ಅಂತೇನೋ ಅಚ್ಚಾಗಿರುತ್ತದೆ. ಹುಡುಗನ ತೋಳು 34 ಇದ್ದರೆ ಅದು ಅವನಿಗಲ್ಲ, ದೊಡ್ಡದು ಕೇಳಿ ತನ್ನಿ. ಪಟ್ಟಿ ಚಿಕ್ಕದಾದರೆ ಬಿಪಿ ಇಲ್ಲದಿದ್ದರೂ ಇದೆ ಅಂತ ತೋರಿಸುತ್ತದೆ. ತೀರಾ ದೊಡ್ಡದಾದರೆ ಇರುವ ಬಿಪಿಯನ್ನು ಮುಚ್ಚಿಡುತ್ತದೆ. ಅಂಗಡಿಯವ ‘ಎಲ್ಲರಿಗೂ ಆಗುತ್ತೆ’ ಅಂದರೆ ನಂಬಬೇಡಿ. ಮಣಿಕಟ್ಟಿಗೆ ಕಟ್ಟುವ ಮಷಿನ್ ಅಂತೂ ಬೇಡವೇ ಬೇಡ, ಆಫರ್‌ನಲ್ಲಿ ಬಂದರೂ ಸರಿ. ಅಂಗಿಯ ತೋಳನ್ನು ಮಡಚಿ ಮೇಲೇರಿಸಿದರೆ ಅದೇ ಬಿಗಿಯುತ್ತದೆ, ಅಂಗಿ ಬಿಚ್ಚಿಸಿಬಿಡಿ. ಬಲ ತೋಳಿಗೇ ಸುತ್ತಿ. ಮಕ್ಕಳ ಬಿಪಿ ಎಷ್ಟಿರಬೇಕು ಅಂತ ಡಾಕ್ಟರು ನೋಡುವ ಕೋಷ್ಟಕಗಳೆಲ್ಲ ಬಲ ತೋಳಿನ ಲೆಕ್ಕದವು.

ಆಟ ಮುಗಿದು ಅರ್ಧ ಗಂಟೆಯಾದರೂ ಕಳೆದಿರಬೇಕು. ನನ್ನ ಕೇಳಿದರೆ ಬೆಳಿಗ್ಗೆಯೇ ನೋಡಿ, ತಿಂಡಿಗೆ ಮೊದಲು. ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಕೂರಿಸಿ. ಕಾಲು ಜೋತಾಡುತ್ತಿದ್ದರೆ ಕೆಳಗೆ ಮಣೆ ಇಡಿ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಮಾತಿಲ್ಲ, ಮೊಬೈಲಿಲ್ಲ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ.

ಅಜ್ಜನ 120/80 ಲೆಕ್ಕವನ್ನು ಸಣ್ಣವರಿಗೆ ಹಚ್ಚಬೇಡಿ. 13 ತುಂಬದ ಮಕ್ಕಳಿಗೆ ವಯಸ್ಸು, ಎತ್ತರ, ಗಂಡೋ ಹೆಣ್ಣೋ ಎಂಬುದರ ಮೇಲೆ ಮಿತಿ ಬೇರೆ ಬೇರೆ. 13 ದಾಟಿದವರಲ್ಲಿ 130/80 ಮತ್ತು ಮೇಲಿದ್ದರೆ ಜಾಸ್ತಿ. ಅದೂ ಬೇರೆ ಬೇರೆ ದಿನ ಮೂರು ಸಲ ನೋಡಿದ ಮೇಲೆಯೇ ಡಾಕ್ಟರು ಬಿಪಿ ಇದೆ ಅನ್ನುವುದು. ಆಡುವಾಗ ಎದೆನೋವು ಬಂದರೆ, ತಲೆ ತಿರುಗಿ ಬಿದ್ದರೆ ಮಾತ್ರ ಮಷಿನ್ ಹುಡುಕುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.